ಎರಡು ಗ್ರಾಂ ಕಂಚಿನಿಂದ ಶುರುಮಾಡಿ: ಪ್ರಾಚೀನ ಯಹೂದಿ ನಾಣ್ಯ ಸಂಗ್ರಹಿಸುವವರಿಗೆ

ನನ್ನ ಮೊದಲ ಶೆಕೆಲ್, ಅಂದರೆ ಯಹೂದಿಗಳ ಹಳೆಯ ಬೆಳ್ಳಿ ನಾಣ್ಯ, ಪುಕ್ಕಟೆಯಾಗಿ ಬಂತು. ಪರಿಚಯದವರೊಬ್ಬರು ಜೆರುಸಲೇಮ್ ಯಾತ್ರೆ ಮುಗಿಸಿ ಬಂದವರು, ಖರ್ಜೂರದ ಪೊಟ್ಟಣದ ಜೊತೆ ಒಂದು ಬೆಳ್ಳಿ ಬಣ್ಣದ ನಾಣ್ಯ ಕೈಗಿಟ್ಟು, "ಎರಡು ಸಾವಿರ ವರ್ಷದ್ದಂತೆ, ನಿಮಗೆ ಇಂಥದ್ದೆಲ್ಲ ಇಷ್ಟ ಅಲ್ವಾ, ಇಟ್ಕೊಳ್ಳಿ" ಅಂದರು. ಒಂದು ಬದಿಗೆ ಹೊಗೆಯಾಡುವ ಧೂಪದ ಪಾತ್ರೆ, ಇನ್ನೊಂದು ಬದಿಗೆ ಎಲೆ ತುಂಬಿದ ಕೊಂಬೆ, ಸುತ್ತಲೂ ಹೀಬ್ರೂ ಅಕ್ಷರ. ಎರಡು ವಾರ ಅದನ್ನು ಹತ್ತಿಯಲ್ಲಿ ಸುತ್ತಿಟ್ಟುಕೊಂಡು ಸಿಕ್ಕಸಿಕ್ಕವರಿಗೆ ತೋರಿಸಿದೆ. ಆಮೇಲೆ ಗೊತ್ತಾಯಿತು, ಇದಕ್ಕೆ 'ಗೋರ್ಲಿಟ್ಸ್ ಶೆಕೆಲ್' ಅಂತ ಹೆಸರೇ ಇದೆ. ಜರ್ಮನಿಯ ಗೋರ್ಲಿಟ್ಸ್ ಊರಿನ ಹೆಸರು ಹೊತ್ತ ಈ ಕಲ್ಪಿತ ನಾಣ್ಯವನ್ನು ಶತಮಾನಗಳಿಂದ ಭಕ್ತರಿಗೆ ನೆನಪಿನ ಕಾಣಿಕೆಯಾಗಿ ಮಾರಿದ್ದಾರೆ. ನನ್ನ ಕೈಯಲ್ಲಿದ್ದದ್ದು ಅದರ ಇತ್ತೀಚಿನ ಮರಿ.

ಅದು ನಕಲಿ ಎಂದು ಹೇಳಲು ತೂಕ ಬೇಕಿರಲಿಲ್ಲ, ಪ್ರಯೋಗಾಲಯ ಬೇಕಿರಲಿಲ್ಲ. ಅಕ್ಷರವೊಂದೇ ಸಾಕಿತ್ತು. ಅದರಲ್ಲಿದ್ದದ್ದು ಇವತ್ತಿನ ಹೀಬ್ರೂ ಪುಸ್ತಕಗಳಲ್ಲಿ ಕಾಣುವ ಚೌಕಟ್ಟಾದ ಲಿಪಿ. ನಿಜವಾದ ಶೆಕೆಲ್‌ನಲ್ಲಿರುವುದು ಅದಕ್ಕಿಂತ ಹಳೆಯ, ಕೋಲುಕೋಲಾದ ಇನ್ನೊಂದು ಲಿಪಿ. ನನಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಹಾಗಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವ ಕ್ರಮ ಸ್ವಲ್ಪ ತಿರುಗುಮುರುಗು: ಮೊದಲು ಓದಲು ಕಲಿಯಿರಿ, ಆಮೇಲೆ ಕಾಗದಪತ್ರ ಕೇಳಲು ಕಲಿಯಿರಿ, ದುಡ್ಡು ಬಿಚ್ಚುವುದು ಕೊನೆಗೆ.

ಮೊದಲ ಹೆಜ್ಜೆ: ಯಾರು ಯಾವಾಗ ಅಚ್ಚು ಹಾಕಿದರು ಎಂಬ ನಕ್ಷೆ ತಲೆಯಲ್ಲಿರಲಿ

ಪ್ರಾಚೀನ ಯಹೂದಿ ನಾಣ್ಯಗಳ ಕಾಲ ಸುಮಾರು ಐನೂರು ವರ್ಷ. ಕ್ರಿ.ಪೂ. 4ನೇ ಶತಮಾನದಲ್ಲಿ ಜುಡೇಯ, ಅಂದರೆ ಜೆರುಸಲೇಮಿನ ಸುತ್ತಲಿನ ನಾಡು, ಪರ್ಷಿಯನ್ನರ ಕೈಕೆಳಗಿನ ಪುಟ್ಟ ಪ್ರಾಂತ್ಯ, ಹೆಸರು 'ಯೆಹೂದ್'. ಆಗಿನ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಅಥೆನ್ಸ್ ನಾಣ್ಯಗಳನ್ನು ನೋಡಿ ಗೂಬೆಯನ್ನು ಇಳಿಸಿಕೊಂಡಿದ್ದಾರೆ, ಪಕ್ಕದಲ್ಲಿ ತಮ್ಮ ಪ್ರಾಂತ್ಯದ ಹೆಸರು ಕೆತ್ತಿದ್ದಾರೆ. ಲಿಲ್ಲಿ ಹೂವಿನ ನಾಣ್ಯವೂ ಇದೆ.

ಅಲ್ಲಿಂದ ಹಸ್ಮೋನಿಯನ್ ಎಂಬ ಯಹೂದಿ ರಾಜಮನೆತನಕ್ಕೆ ಬನ್ನಿ. ಒಂದನೇ ಜಾನ್ ಹಿರ್ಕಾನಸ್ ಆಳಿದ್ದು ಕ್ರಿ.ಪೂ. 135ರಿಂದ 104. ಅವನ ಕಾಲದ ಮೊದಲ ಕಂಚಿನ ನಾಣ್ಯದಲ್ಲಿ ಹೆಸರು ಅವನದ್ದಲ್ಲ, ಸಿರಿಯಾದ ಸೆಲ್ಯುಸಿಡ್ ದೊರೆ ಏಳನೇ ಆಂಟಿಯೋಕಸ್‌ನದ್ದು. ಆದರೆ ದೊರೆಯ ಮುಖ ಇರಬೇಕಾದ ಜಾಗದಲ್ಲಿ ಜೆರುಸಲೇಮಿನ ಲಿಲ್ಲಿ. ಹಿಂಬದಿಗೆ ಸೆಲ್ಯುಸಿಡ್ಡರ ಲಾಂಛನವಾದ ಲಂಗರು. ಹೊರಗಿನ ದೊರೆಗೆ ತಲೆಬಾಗಿದ್ದೂ ಆಯಿತು, ತಮ್ಮ ಧರ್ಮಕ್ಕೆ ಒಗ್ಗದ ಮುಖವನ್ನು ತಪ್ಪಿಸಿದ್ದೂ ಆಯಿತು. ಆಮೇಲೆ ಹಿರ್ಕಾನಸ್ ತನ್ನದೇ ಹೆಸರಿನಲ್ಲಿ ಅಚ್ಚು ಹಾಕಿಸಿದ: ಮಾಲೆಯ ನಡುವೆ 'ಮಹಾಯಾಜಕ ಯೆಹೋಹಾನಾನ್ ಮತ್ತು ಯಹೂದಿಗಳ ಸಭೆ' ಎಂಬ ಬರಹ (ಜಾನ್ ಎಂಬುದರ ಹೀಬ್ರೂ ರೂಪ ಯೆಹೋಹಾನಾನ್), ಇನ್ನೊಂದು ಬದಿಗೆ ಸಮೃದ್ಧಿಯ ಎರಡು ಕೊಂಬು, ನಡುವೆ ದಾಳಿಂಬೆ.

ಮುಂದೆ ಅಲೆಕ್ಸಾಂಡರ್ ಯಾನ್ನಿಯಸ್ (ಕ್ರಿ.ಪೂ. 104ರಿಂದ 76), ಕೊನೆಯ ಹಸ್ಮೋನಿಯನ್ ಮತ್ತಾಥಿಯಸ್ ಆಂಟಿಗೋನಸ್ (40ರಿಂದ 37), ಹೆರೋದ, ಅವನ ಮಕ್ಕಳು, ರೋಮನ್ ಅಧಿಕಾರಿಗಳು. ಬಳಿಕ ರೋಮ್ ವಿರುದ್ಧ ಎರಡು ದಂಗೆ: ಕ್ರಿ.ಶ. 66ರಿಂದ 70ರದ್ದೊಂದು, 132ರಿಂದ 135ರ ಬಾರ್ ಕೊಖ್ಬಾ ದಂಗೆ ಇನ್ನೊಂದು. ಅಲ್ಲಿಗೆ ಮುಗಿಯಿತು. ಯಹೂದಿಗಳು ಮತ್ತೆ ತಮ್ಮದೇ ನಾಡಿನಲ್ಲಿ ತಮ್ಮದೇ ನಾಣ್ಯ ಕಂಡದ್ದು 20ನೇ ಶತಮಾನದಲ್ಲಿ.

ಈ ನಕ್ಷೆ ಬಾಯಿಪಾಠ ಆಗಲು ಒಂದು ಸುಲಭದ ಉಪಾಯ ಇದೆ. ಇಸ್ರೇಲ್‌ನಲ್ಲಿ ಇವತ್ತು ಚಲಾವಣೆಯಲ್ಲಿರುವ ಚಿಲ್ಲರೆ ತರಿಸಿಕೊಳ್ಳಿ. ಒಂದು ಶೆಕೆಲ್‌ನಲ್ಲಿರುವ ಲಿಲ್ಲಿ ಯೆಹೂದ್ ನಾಣ್ಯದಿಂದ ಬಂದದ್ದು. ಹತ್ತು ಅಗೊರೊತ್ (ಅಗೊರೊತ್ ಅಂದರೆ ಅವರ ಪೈಸೆ) ನಾಣ್ಯದ ಏಳು ಕವಲಿನ ದೀಪ, ಅಂದರೆ ಮೆನೋರಾ, ಆಂಟಿಗೋನಸ್‌ನ ಕಂಚಿನ ನಾಣ್ಯದ್ದು. ಆಂಟಿಗೋನಸ್‌ನ ಮೂಲ ನಾಣ್ಯ ಬೇಕೆಂದರೆ ಬಹಳ ಅಪರೂಪ, ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಕಲಿಗಳ ಕಾಟವೂ ಹೆಚ್ಚು. ಹತ್ತು ಅಗೊರೊತ್‌ಗೆ ಪ್ರವಾಸಕ್ಕೆ ಹೋದ ಗೆಳೆಯನ ಜೇಬು ಸಾಕು.

ಎರಡನೇ ಹೆಜ್ಜೆ: ಹತ್ತು ಅಕ್ಷರ ಕಲಿಯಿರಿ

ಈ ನಾಣ್ಯಗಳನ್ನು ಅಚ್ಚು ಹಾಕುವ ಹೊತ್ತಿಗೆ ಜುಡೇಯದ ಜನ ದಿನನಿತ್ಯದ ಬರವಣಿಗೆಗೆ ಅರಮೇಯಿಕ್‌ನಿಂದ ಬಂದ ಚೌಕ ಲಿಪಿಗೆ ಹೊರಳಿಯಾಗಿತ್ತು. ಆದರೂ ರಾಜರು, ದಂಗೆಕೋರರು ನಾಣ್ಯಕ್ಕೆ ಬೇಕೆಂದೇ ಹಳೆಯ ಹೀಬ್ರೂ ಲಿಪಿ ಆರಿಸಿಕೊಂಡರು. ನಾವು ಇವತ್ತು ಹೊಸ ನಾಣ್ಯಕ್ಕೆ ಹಲ್ಮಿಡಿ ಶಾಸನದ ಅಕ್ಷರ ಹಾಕಿದ ಹಾಗೆ. ಓದುವವರು ಕಡಿಮೆ, ಆದರೆ 'ನಮ್ಮ ಪೂರ್ವಿಕರ ಕಾಲ ಮರಳಿತು' ಎಂದು ಎಲ್ಲರಿಗೂ ಅರ್ಥವಾಗುತ್ತದೆ.

ಬಲದಿಂದ ಎಡಕ್ಕೆ ಓದಬೇಕು. 'ಶಿನ್' ಇಂಗ್ಲಿಷಿನ ಡಬ್ಲ್ಯು ತರಹ, 'ಲಾಮೆದ್' ಹೆಚ್ಚುಕಡಿಮೆ ಎಲ್ ತರಹ, 'ಆಲೆಫ್' ಮಗ್ಗುಲಾಗಿ ಬಿದ್ದ ಎ ತರಹ. ಇವು ಮೂರು ಕಣ್ಣಿಗೆ ಕೂತರೆ ಮೊದಲ ದಂಗೆಯ ಬೆಳ್ಳಿ ನಾಣ್ಯದ 'ಶೆಕೆಲ್ ಇಸ್ರಾಯೇಲ್' ಎಂಬ ಬರಹ ಅರ್ಧ ಓದಿದಂತೆಯೇ.

ಆ ಶೆಕೆಲ್ ಅನ್ನೇ ಒಂದು ಗಳಿಗೆ ಹತ್ತಿರದಿಂದ ನೋಡೋಣ. ಮುಂಬದಿಗೆ ಒಂದು ಪಾನಪಾತ್ರೆ, ಮೇಲೆ ದಂಗೆಯ ಎಷ್ಟನೇ ವರ್ಷ ಎಂದು ಹೇಳುವ ಅಕ್ಷರ, ಏಕೆಂದರೆ ಅಕ್ಷರಗಳೇ ಅಂಕಿ. ಹಿಂಬದಿಗೆ ಒಂದೇ ಕಾಂಡದಲ್ಲಿ ಮೂರು ದಾಳಿಂಬೆ ಮೊಗ್ಗು, ಸುತ್ತ 'ಪವಿತ್ರ ಜೆರುಸಲೇಮ್'. ತೂಕ ಸುಮಾರು 14 ಗ್ರಾಂ. ಒಂದನೇ ವರ್ಷದ್ದಾದರೆ ಪಾತ್ರೆಯ ಅಂಚು ನುಣುಪು, ಮೇಲೆ ಆಲೆಫ್ ಒಂದೇ. ಎರಡನೇ ವರ್ಷದಿಂದ ಅಂಚಿಗೆ ಮುತ್ತು ಪೋಣಿಸಿದಂಥ ಚುಕ್ಕೆಸಾಲು, ಮೇಲೆ 'ವರ್ಷ' ಎಂಬುದರ ಮೊದಲಕ್ಷರ ಶಿನ್, ಜೊತೆಗೆ ಅಂಕಿಯ ಅಕ್ಷರ. ಇನ್ನೂ ಸೂಕ್ಷ್ಮ ಏನೆಂದರೆ, ಹಿಂಬದಿಯ 'ಜೆರುಸಲೇಮ್' ಕಾಗುಣಿತ ಒಂದನೇ ವರ್ಷ ಗಿಡ್ಡ, ಎರಡನೇ ವರ್ಷದಿಂದ ಒಂದು ಅಕ್ಷರ ಹೆಚ್ಚು. ನಕಲಿ ಮಾಡುವವರು ಇಲ್ಲಿ ಎಡವುತ್ತಾರೆ. ಒಂದನೇ ವರ್ಷದ ಮುಂಬದಿಗೆ ಮೂರನೇ ವರ್ಷದ ಹಿಂಬದಿ ಅಂಟಿಸಿದ ನಕಲಿಯನ್ನು ಓದಲು ಬರುವವನು ಒಂದು ನಿಮಿಷದಲ್ಲಿ ಪಕ್ಕಕ್ಕಿಡುತ್ತಾನೆ.

ಮೂರನೇ ಹೆಜ್ಜೆ: ಮೊದಲ ನಾಣ್ಯ ಪ್ರೂಟಾ ಆಗಿರಲಿ

ಅಪರೂಪದ್ದು ಬೇಕು ಅಂತಲೇ ನೀವು ಬಂದಿರುತ್ತೀರಿ, ಗೊತ್ತು. ಆದರೂ ಮೊದಲ ಖರೀದಿ ಯಾನ್ನಿಯಸ್‌ನ ಸವೆದ ಪ್ರೂಟಾ ಆಗಿರಲಿ. ಪ್ರೂಟಾ ಅಂದರೆ ನಮ್ಮ ಹಳೇ ಮೈಸೂರಿನ ಕಾಸಿದ್ದಂತೆ, ಸಂತೆಯ ಚಿಲ್ಲರೆ. ಕಂಚು, ಅಗಲ ಒಂದೂವರೆ ಸೆಂಟಿಮೀಟರಿನ ಆಸುಪಾಸು, ತೂಕ ಒಂದೆರಡು ಗ್ರಾಂ, ಆಮೇಲಾಮೇಲಿನ ಕಳಪೆ ಅಚ್ಚುಗಳು ಒಂದು ಗ್ರಾಂಗೂ ಕಡಿಮೆ. ಲೆಕ್ಕವಿಲ್ಲದಷ್ಟು ಅಚ್ಚಾಗಿದ್ದರಿಂದ ಕೆಲವು ಸಾವಿರ ರೂಪಾಯಿಗೇ ಸಿಗುತ್ತದೆ. ಬೈಬಲಿನ ಸುವಾರ್ತೆಯಲ್ಲಿ ಬಡ ವಿಧವೆ ದೇವಾಲಯದ ಹುಂಡಿಗೆ ಹಾಕಿದ ಎರಡು ಕಾಸು ಇದೇ ಎಂದು ಮಾರುವವರು ಮಾರುತ್ತಾರೆ. ಇದೇ ಅಂತ ಸಾಬೀತು ಮಾಡಲಾಗದು, ಇಂಥದ್ದೇ ಚಿಲ್ಲರೆ ಎನ್ನಬಹುದು. ಆ ಕಥೆಗೆ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ.

ಈ ಸಣ್ಣ ನಾಣ್ಯ ಕಲಿಸುವುದು ಬಹಳ. ಒಳ್ಳೆಯ ಪ್ರತಿಯಲ್ಲಿ ಒಂದು ಬದಿಗೆ ಲಂಗರು, ಸುತ್ತ ಗ್ರೀಕ್‌ನಲ್ಲಿ 'ರಾಜ ಅಲೆಕ್ಸಾಂಡರನದು'. ಇನ್ನೊಂದು ಬದಿಗೆ ಎಂಟು ಕಿರಣದ ನಕ್ಷತ್ರ, ಕಿರಣಗಳ ಸಂದಿಯಲ್ಲಿ ಹೀಬ್ರೂನಲ್ಲಿ 'ರಾಜ ಯೆಹೋನಾತಾನ್'. ಒಬ್ಬನೇ ಮನುಷ್ಯ, ಮನೆಗೊಂದು ಹೆಸರು, ಪೇಟೆಗೊಂದು ಹೆಸರು.

ಅಂಚನ್ನೂ ನೋಡಿ. ಮೆದು ಸುಣ್ಣಕಲ್ಲಿನ ಹಲಗೆಯಲ್ಲಿ ಸಾಲಾಗಿ ಗುಂಡು ಗುಳಿ ಕೊರೆದು, ಒಂದರಿಂದ ಇನ್ನೊಂದಕ್ಕೆ ಸಣ್ಣ ಕಾಲುವೆ ತೆಗೆದು, ಕರಗಿಸಿದ ಕಂಚು ಹೊಯ್ಯುತ್ತಿದ್ದರು. ಬರುವುದು ಬಿಲ್ಲೆಗಳ ಸರ. ಅಚ್ಚು ಒತ್ತಿ ಆಮೇಲೆ ಕತ್ತರಿಸುತ್ತಿದ್ದರು. ಹಾಗಾಗಿ ಬಹಳಷ್ಟು ಪ್ರೂಟಾಗಳಿಗೆ ಒಂದು ಕಡೆಯೋ ಎರಡು ಕಡೆಯೋ ಮೊಟಕು ಬಾಲ ಇರುತ್ತದೆ, ಅಂಚು ಒಳಕ್ಕೆ ಇಳಿಜಾರಾಗಿರುತ್ತದೆ, ಚಿತ್ರ ಅರ್ಧ ಹೊರಗೆ ಜಾರಿರುತ್ತದೆ. ಹೊಸಬರು ಇದನ್ನು ದೋಷ ಎಂದುಕೊಂಡು ನೀಟಾದ ಗುಂಡು ನಾಣ್ಯ ಹುಡುಕುತ್ತಾರೆ. ಎಚ್ಚರ ಬೇಕಾದದ್ದು ಆ ನೀಟಾದದ್ದರ ಬಗ್ಗೆ.

ನಾಲ್ಕನೇ ಹೆಜ್ಜೆ: ಇಸವಿ ಇರುವ ನಾಣ್ಯ

ಪ್ರೂಟಾ ಕೈಗೆ ಒಗ್ಗಿದ ಮೇಲೆ ಇಸವಿ ಓದುವ ಅಭ್ಯಾಸ ಆಗಲಿ. ಗ್ರೀಕ್ ಬರಹದ ನಾಣ್ಯಗಳಲ್ಲಿ ಎಲ್ ಆಕಾರದ ಗುರುತು ಎಂದರೆ 'ವರ್ಷ', ಅದರ ಪಕ್ಕದ ಅಕ್ಷರಗಳೇ ಅಂಕಿ. ಯೇಸುವನ್ನು ಶಿಲುಬೆಗೇರಿಸಲು ಒಪ್ಪಿಸಿದ ರೋಮನ್ ಅಧಿಕಾರಿ ಪೊಂತ್ಯ ಪಿಲಾತ (ಕ್ರಿ.ಶ. 26ರಿಂದ 36) ಅಚ್ಚು ಹಾಕಿಸಿದ ಪ್ರೂಟಾಗಳಲ್ಲಿ ತಿಬೇರಿಯಸ್ ಚಕ್ರವರ್ತಿಯ 16, 17, 18ನೇ ವರ್ಷ ಇದೆ, ಅಂದರೆ ಕ್ರಿ.ಶ. 29ರಿಂದ 32ರ ಒಳಗೆ. ಒಂದು ಬಗೆಯಲ್ಲಿ ರೋಮನ್ ಶಕುನಿಗರ ತುದಿ ಸುರುಳಿಯಾದ ಕೋಲು, ಇನ್ನೊಂದರಲ್ಲಿ ಬಲಿಪೂಜೆಯ ಸೌಟು. ಹಿಂದಿನ ರೋಮನ್ ಅಧಿಕಾರಿಗಳು ಜವೆಗೋಧಿಯ ತೆನೆ, ಖರ್ಜೂರದ ಮರ ಎಂದು ಸ್ಥಳೀಯರಿಗೆ ನೋವಾಗದ ಚಿತ್ರ ಹಾಕಿದ್ದರು. ಪಿಲಾತ ಅನ್ಯಧರ್ಮದ ಪೂಜಾ ಸಾಮಗ್ರಿಯನ್ನೇ ಜೆರುಸಲೇಮಿನ ಸಂತೆಗೆ ಬಿಟ್ಟ. ಆಳ್ವಿಕೆಯ ಸ್ವಭಾವ ಎರಡು ಗ್ರಾಂ ಕಂಚಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಹೆಸರಿನ ಆಕರ್ಷಣೆಗೆ ಇದರ ಬೆಲೆ ಯಾನ್ನಿಯಸ್‌ನದ್ದಕ್ಕಿಂತ ಹೆಚ್ಚು.

ನನ್ನ ಅಚ್ಚುಮೆಚ್ಚಿನದು ಮಾತ್ರ ಹೆರೋದನ ಮೊಮ್ಮಗ ಒಂದನೇ ಅಗ್ರಿಪ್ಪ ರಾಜನ 6ನೇ ವರ್ಷದ ಪ್ರೂಟಾ, ಕ್ರಿ.ಶ. 41–42ರದ್ದು. ಮೂರು ಜವೆಗೋಧಿ ತೆನೆ ಒಂದು ಬದಿಗೆ, ಇನ್ನೊಂದು ಬದಿಗೆ ಅಂಚಿಗೆ ಜಾಲರಿ ಇಳಿಬಿಟ್ಟ ರಾಜಛತ್ರಿ. ಜಂಬೂಸವಾರಿ ನೋಡಿ ಬೆಳೆದವರಿಗೆ ಅದು ಏನೆಂದು ಯಾರೂ ವಿವರಿಸಬೇಕಿಲ್ಲ. ಸುಲಭವಾಗಿ ಸಿಗುತ್ತದೆ, ಬರಹ ಚೊಕ್ಕವಾಗಿರುತ್ತದೆ.

ಜೊತೆಗೆ ನೋಡಬೇಕಾದ ಇನ್ನೊಂದು, ಯಹೂದಿ ನಾಣ್ಯವೇ ಅಲ್ಲದ ನಾಣ್ಯ: ತಿಬೇರಿಯಸ್‌ನ ಬೆಳ್ಳಿ ದಿನಾರಿ. 'ಕೈಸರನದ್ದು ಕೈಸರನಿಗೆ' ಎಂಬ ಯೇಸುವಿನ ಮಾತಿನ ಪ್ರಸಂಗದ ನಾಣ್ಯ ಇದೇ ಎಂದು ಸಂಗ್ರಾಹಕರಲ್ಲಿ ರೂಢಿ. ಇದನ್ನು ನೋಡಲು ನಾವು ಜೆರುಸಲೇಮಿಗೆ ಹೋಗಬೇಕಿಲ್ಲ. ಮೆಣಸಿನ ವ್ಯಾಪಾರದ ಕಾಲದಲ್ಲಿ ಇವು ದಕ್ಷಿಣ ಭಾರತಕ್ಕೆ ರಾಶಿರಾಶಿ ಬಂದಿವೆ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತಿಬೇರಿಯಸ್‌ನ ದಿನಾರಿಗಳಿದ್ದವು.

ಐದನೇ ಹೆಜ್ಜೆ: ಕಾಗದ ಕೇಳಿ, ನಾಚಿಕೆ ಬೇಡ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ದುಡ್ಡೂ ಮಾನವೂ ಹೋಗುವುದು ಇಲ್ಲೇ.

ಇಸ್ರೇಲ್‌ನ 1978ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ 1700ಕ್ಕೆ ಮುಂಚೆ ಮನುಷ್ಯ ಮಾಡಿದ ವಸ್ತುವೆಲ್ಲ ಪ್ರಾಚ್ಯವಸ್ತು, ಆ ಕಾನೂನು ಬಂದ ಮೇಲೆ ಮಣ್ಣಿನಲ್ಲಿ ಸಿಕ್ಕಿದ್ದು ಸರ್ಕಾರದ್ದು. ಹಳೆಯ ಸಂಗ್ರಹಗಳಿಂದ ಬಂದದ್ದನ್ನು ಪರವಾನಗಿ ಇರುವ ವ್ಯಾಪಾರಿ ಮಾರಬಹುದು, ಆದರೆ ದೇಶದಿಂದ ಹೊರಗೆ ಒಯ್ಯಲು ಪ್ರಾಚ್ಯವಸ್ತು ಪ್ರಾಧಿಕಾರದ ಲಿಖಿತ ಒಪ್ಪಿಗೆ ಬೇಕು. ಹಳೇ ಪೇಟೆಯ ಓಣಿಯಲ್ಲಿ ಅಂಗೈ ಬಿಚ್ಚಿ "ನನ್ನ ಹೊಲದಲ್ಲಿ ಸಿಕ್ಕಿತು ಸಾರ್" ಎನ್ನುವವನು ಎರಡರಲ್ಲೊಂದು ಮಾರುತ್ತಿದ್ದಾನೆ: ನಕಲಿ, ಇಲ್ಲವೇ ಕಳವಿನ ಮಾಲು.

ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಮೊದಲ ದಂಗೆಯ 4ನೇ ವರ್ಷದ ಕಾಲು ಶೆಕೆಲ್ ಬೆರಳೆಣಿಕೆಯಷ್ಟೇ ಉಳಿದಿರುವ ಬೆಳ್ಳಿ ನಾಣ್ಯ. ಅಂಥದ್ದೊಂದನ್ನು 2002ರಲ್ಲಿ ಏಲಾ ಕಣಿವೆಯಲ್ಲಿ ಕದ್ದು ಅಗೆದು, ದೇಶದಿಂದ ದೇಶಕ್ಕೆ ದಾಟಿಸಿ ಅಮೆರಿಕದ ಹರಾಜಿನವರೆಗೆ ತಂದರು. 2017ರಲ್ಲಿ ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡರು, 2022ರಲ್ಲಿ ನ್ಯೂಯಾರ್ಕ್‌ನಲ್ಲಿ ಇಸ್ರೇಲ್‌ಗೆ ಒಪ್ಪಿಸಿದರು.

ಹಾಗಾಗಿ ಕೊಳ್ಳುವ ಮುಂಚೆ ಮಾರುವವರಿಗೆ ಬರೆದು ಕೇಳಿ: ಈ ನಾಣ್ಯ ಮೊದಲು ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನ ಪಟ್ಟಿಯಲ್ಲಿ ಯಾವ ವರ್ಷ ಪ್ರಕಟವಾಗಿದೆ, ಇಸ್ರೇಲ್‌ನಿಂದ ನೇರ ಬರುವುದಾದರೆ ರಫ್ತು ಒಪ್ಪಿಗೆಯ ಪ್ರತಿ ಎಲ್ಲಿದೆ, ನಕಲಿ ಎಂದು ತಿಳಿದರೆ ಎಷ್ಟು ವರ್ಷದವರೆಗೆ ಹಣ ವಾಪಸ್. ಉತ್ತರ ಇಮೇಲ್‌ನಲ್ಲೇ ಬರಲಿ, ಫೋನಿನಲ್ಲಿ ಬೇಡ. ಒಳ್ಳೆಯ ವ್ಯಾಪಾರಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತದೆ. ವಿವರಣೆಯಲ್ಲಿ 'ಹೆಂಡಿನ್ ಸಂಖ್ಯೆ' ಎಂದೋ 'ಟಿಜೆಸಿ ಸಂಖ್ಯೆ' ಎಂದೋ ಕೊಟ್ಟಿರುತ್ತಾರೆ. ಅವು ಈ ಕ್ಷೇತ್ರದ ಎರಡು ಮುಖ್ಯ ಸೂಚಿಗಳ ಕ್ರಮಸಂಖ್ಯೆ. ಆ ಸಂಖ್ಯೆ ಹಿಡಿದು ಅದೇ ಬಗೆಯ ಬೇರೆ ನಾಣ್ಯಗಳ ಚಿತ್ರ ಹುಡುಕಿ ಪಕ್ಕದಲ್ಲಿಟ್ಟು ನೋಡಿ.

ಇನ್ನು ನಮ್ಮ ಕಡೆಯ ವಿಚಾರ. ಭಾರತದ 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಹೊರಗಿನಿಂದ ತರಿಸಿದರೆ ಕಸ್ಟಮ್ಸ್‌ಗೆ ನಿಜವಾದ ಬೆಲೆ ಬರೆಸಿ, ಆ ರಸೀದಿಯನ್ನು ನಾಣ್ಯದಷ್ಟೇ ಜೋಪಾನವಾಗಿಡಿ. 'ಗಿಫ್ಟ್ ಅಂತ ಹಾಕಿ ಕಳಿಸ್ತೀನಿ' ಎನ್ನುವ ಮಾರಾಟಗಾರನ ಉಪಕಾರ ಬೇಡ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇರುವ ಕನ್ನಡಿಗರು ರಜೆಗೆ ಬರುವಾಗ ಸಂಗ್ರಹವನ್ನು ಜೇಬಿನಲ್ಲಿಟ್ಟು ತರುವುದೂ ಬೇಡ. ತರುವುದು ಸುಲಭ, ತಿರುಗಿ ಒಯ್ಯುವಾಗ ವಿಮಾನ ನಿಲ್ದಾಣದಲ್ಲಿ ಸಮಜಾಯಿಷಿ ಕೊಡುವುದು ಕಷ್ಟ.

ಆರನೇ ಹೆಜ್ಜೆ: ಕಣ್ಣು, ತಕ್ಕಡಿ, ಅಸಿಟೋನ್

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂ ತೋರಿಸುವ ಅಕ್ಕಸಾಲಿಗರ ತಕ್ಕಡಿ, ಅಗಲ ಅಳೆಯಲು ಒಂದು ಕ್ಯಾಲಿಪರ್.

ಎರಕದ ನಕಲಿಯಾದರೆ ಅಂಚಿನ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಮೈಮೇಲೆ ಸೂಜಿಮೊನೆಯಂಥ ಗುಳಿ, ಸೋಪು ಸವೆದಂತೆ ಮೊಂಡಾದ ಅಕ್ಷರ. ಒಂದೇ ಕಡೆ ಜಾರಿದ, ಒಂದೇ ಕಡೆ ಒಡೆದ ಎರಡು 'ಬೇರೆ ಬೇರೆ' ನಾಣ್ಯ ಕಂಡರೆ ಎರಡೂ ಒಂದೇ ತಾಯಿಯ ಮಕ್ಕಳು. ಮರಳು ಮೆತ್ತಿದ ಹಳದಿ ಮೈ ಬಹಳ ಜನರಿಗೆ ಇಷ್ಟ, ಮರುಭೂಮಿಯಿಂದ ನೇರ ಬಂದಂತೆ ಕಾಣುತ್ತದೆ. ಎಷ್ಟೋ ಸಲ ಅದು ಅಂಟು ಹಚ್ಚಿ ಉದುರಿಸಿದ ಮಣ್ಣು. ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮೂಲೆಯಲ್ಲಿ ಮೆಲ್ಲಗೆ ಒತ್ತಿದರೆ ಅಂಟಿನದ್ದು ಕರಗಿ ಬರುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪ ದೂರವಿರಲಿ.

ಏಳನೇ ಹೆಜ್ಜೆ: ಈಗ ಬೆಳ್ಳಿ

ವರ್ಷವೊಂದು ಕಂಚಿನ ಜೊತೆ ಕಳೆದ ಮೇಲೆ ಬೆಳ್ಳಿಗೆ ಕೈ ಹಾಕಿ. ಮೂರು ದಾರಿ ಇವೆ.

ಇಂದಿನ ಲೆಬನಾನಿನಲ್ಲಿರುವ ಟೈರ್ ನಗರದ ಶೆಕೆಲ್ ಒಂದು. ಕ್ರಿ.ಪೂ. 126–125ರಿಂದ ಸುಮಾರು ಇನ್ನೂರು ವರ್ಷ ಅಚ್ಚಾದದ್ದು. ಒಂದು ಬದಿಗೆ ಮೆಲ್ಕಾರ್ತ್ ದೇವರ ತಲೆ, ಇನ್ನೊಂದು ಬದಿಗೆ ಹದ್ದು. ವಿಗ್ರಹ ಕಂಡರಾಗದ ಜೆರುಸಲೇಮ್ ದೇವಾಲಯ ತನ್ನ ಅರ್ಧ ಶೆಕೆಲ್ ಕಾಣಿಕೆಗೆ ಇದನ್ನೇ ಕೇಳುತ್ತಿತ್ತು, ಏಕೆಂದರೆ ಬೆಳ್ಳಿ ಚೊಕ್ಕ.

ಮೊದಲ ದಂಗೆಯ ಶೆಕೆಲ್ ಎರಡನೆಯದು. ರೋಮ್‌ನ ಕೈಕೆಳಗಿದ್ದೂ ತಮ್ಮದೇ ಬೆಳ್ಳಿ ಅಚ್ಚು ಹಾಕುವುದೇ ಬಂಡಾಯ. ಎರಡು, ಮೂರನೇ ವರ್ಷದವು ಮಾರುಕಟ್ಟೆಗೆ ಆಗಾಗ ಬರುತ್ತವೆ, ಬೆಲೆ ಲಕ್ಷಗಳಲ್ಲಿ. ಐದನೇ ವರ್ಷದ್ದು, ಅಂದರೆ ಕ್ರಿ.ಶ. 70ರಲ್ಲಿ ನಗರ ಬೀಳುವ ಮುಂಚಿನ ಕೆಲವೇ ತಿಂಗಳದ್ದು, ಅತಿ ಅಪರೂಪ. ಕಿಸೆ ಅಷ್ಟು ದೊಡ್ಡದಿಲ್ಲದಿದ್ದರೆ ಅದೇ ದಂಗೆಯ 2, 3ನೇ ವರ್ಷದ ಕಂಚಿನ ಪ್ರೂಟಾ ಹುಡುಕಿ: ಹೂಜಿ, ದ್ರಾಕ್ಷಿ ಎಲೆ, 'ಸಿಯೋನಿನ ಸ್ವಾತಂತ್ರ್ಯ' ಎಂಬ ಬರಹ (ಸಿಯೋನ್ ಅಂದರೆ ಜೆರುಸಲೇಮ್). 4ನೇ ವರ್ಷದ ಕಂಚಿಗೆ ಬಂದರೆ ಮಾತು ಬದಲಾಗಿದೆ, 'ಸಿಯೋನಿನ ವಿಮೋಚನೆಗಾಗಿ'. ರೋಮನ್ ಸೈನ್ಯ ಹತ್ತಿರ ಬರುತ್ತಿದ್ದಂತೆ ಸಿಕ್ಕ ಸ್ವಾತಂತ್ರ್ಯದ ಮಾತು ಹೋಗಿ ದೇವರಲ್ಲಿ ಮೊರೆಯ ಮಾತು ಬಂತೇ ಎಂದು ನನಗೆ ಅನಿಸುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮಗೂ ಅನಿಸೀತು.

ಮೂರನೆಯದು ಬಾರ್ ಕೊಖ್ಬಾ ದಂಗೆಯದು. ಇವರು ಹೊಸ ಬಿಲ್ಲೆ ಮಾಡಲಿಲ್ಲ, ಚಲಾವಣೆಯಲ್ಲಿದ್ದ ರೋಮನ್ ನಾಣ್ಯದ ಮೇಲೆಯೇ ತಮ್ಮ ಅಚ್ಚು ಒತ್ತಿದರು. ದೊಡ್ಡದು 'ಸೆಲಾ', ಅದರ ಮೇಲೆ 60 ವರ್ಷ ಹಿಂದೆಯೇ ಸುಟ್ಟುಹೋಗಿದ್ದ ದೇವಾಲಯದ ಮುಂಭಾಗ. ಸಣ್ಣದು 'ಜುಜ್', ತೂಕ ಮೂರು ಗ್ರಾಂಗಿಂತ ತುಸು ಹೆಚ್ಚು, ಅದರಲ್ಲಿ ದ್ರಾಕ್ಷಿ ಗೊಂಚಲು, ಲೈರ್ ವಾದ್ಯ, ಜೋಡಿ ಕಹಳೆ, 'ಶಿಮೋನ್' ಎಂಬ ಹೆಸರು, ಅಂದರೆ ನಾಯಕ ಶಿಮೋನ್ ಬಾರ್ ಕೊಖ್ಬಾನದು. ಜುಜ್ ಕೊಳ್ಳುವಾಗ ಖಾಲಿ ಜಾಗವನ್ನು ಲೂಪ್ ಇಟ್ಟು ಹುಡುಕಿ. ಗೊಂಚಲಿನ ಪಕ್ಕ ಚಕ್ರವರ್ತಿಯ ಮೂಗೋ ಕೊರಳೋ, ತಲೆಕೆಳಗಾದ ಒಂದೆರಡು ರೋಮನ್ ಅಕ್ಷರವೋ ಮಸುಕಾಗಿ ಕಂಡರೆ ಅದು ಕೊಳೆಯಲ್ಲ. ಆ ನಾಣ್ಯಕ್ಕೆ ಅದೇ ಬೆಲೆ.

ಎಂಟನೇ ಹೆಜ್ಜೆ: ಹುಣಸೆಹಣ್ಣು ದೂರವಿಡಿ

ಮನೆಯವರಿಗೆ ಮೊದಲೇ ಹೇಳಿಬಿಡಿ. ಪೂಜೆ ಪಾತ್ರೆ ಬೆಳಗುವ ದಿನ ಈ ಡಬ್ಬಿ ಯಾರೂ ಮುಟ್ಟಬಾರದು. ಹುಣಸೆಹಣ್ಣು, ನಿಂಬೆ, ಬೆಳಗುವ ಪುಡಿ, ಯಾವುದು ತಾಗಿದರೂ ಎರಡು ಸಾವಿರ ವರ್ಷದ ಮೈಬಣ್ಣ ಎರಡು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಜೊತೆಗೆ.

ಗಟ್ಟಿಯಾಗಿ ಕೂತ ಹಸಿರು ಅಥವಾ ಕಂದು ಕಿಲುಬು ನಾಣ್ಯದ ಕವಚ. ಅದಿರಲಿ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಕಂಡರೆ ಮಾತ್ರ ರೋಗ. ಕ್ಲೋರೈಡ್ ಲವಣ ತೇವ ಹೀರಿ ಲೋಹವನ್ನು ಒಳಗಿನಿಂದ ತಿನ್ನುತ್ತಿರುತ್ತದೆ. ಆ ನಾಣ್ಯವನ್ನು ತಕ್ಷಣ ಬೇರೆ ಇಡಿ, ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಪೂರ್ತಿ ಒಣಗಿಸಿ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಈ ರೋಗ ಬೇಗ ಏಳುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಅದನ್ನು ಬಿಸಿಮಾಡಿ ಒಣಗಿಸುವುದು. ಮೆತ್ತಗಿನ ಪಿವಿಸಿ ಪೌಚ್ ಬೇಡ, ಅದು ಬಿಡುವ ಜಿಡ್ಡು ಕಂಚಿಗೆ ವಿಷ. ಪಾಲಿಯೆಸ್ಟರ್ ಹಾಳೆಯ, ಅಂದರೆ ಮೈಲಾರ್‌ನದ್ದು ಕೇಳಿ ತನ್ನಿ.

ಕೊನೆಗೆ ಚೀಟಿ. ಪ್ರತಿ ನಾಣ್ಯಕ್ಕೂ ಒಂದು, ಕೈಬರಹದಲ್ಲಿ. ನನ್ನ ಡಬ್ಬಿಯ ಮೊದಲ ಚೀಟಿ ಹೀಗಿದೆ: 'ಯಾನ್ನಿಯಸ್, ಪ್ರೂಟಾ. 1.21 ಗ್ರಾಂ, 14 ಮಿ.ಮೀ. ಲಂಗರು / ನಕ್ಷತ್ರ, ಐದು ಕಿರಣ ಮಾತ್ರ ಕಾಣುತ್ತದೆ. ಎಡಕ್ಕೆ ಬಾಲ. ಹೀಬ್ರೂ: ಎರಡು ಅಕ್ಷರ ಓದಲಾಯಿತು. ಹಳೆಯ ಸಂಗ್ರಹ, ಪತ್ರ ಲಗತ್ತಿಸಿದೆ.' ಅದರ ಕೆಳಗೆ ಬೇರೆ ಶಾಯಿಯಲ್ಲಿ, ಏಳು ತಿಂಗಳ ನಂತರ ಬರೆದ ಸಾಲು: 'ಮೂರನೇ ಅಕ್ಷರವೂ ಸಿಕ್ಕಿತು. ನೂನ್.'